ಶೋಧಫಲಿತದ ಪುಟ: ಯಾರ ಮಾತು, ಯಾರ ಹೊಣೆ



ಜನಸಾಮಾನ್ಯರ ನಿತ್ಯಜೀವನಕ್ಕೆ ಸಂಬಂಧಪಟ್ಟ ಯಾವುದಾದರೊಂದು ಶಾಸ್ತ್ರವಿಷಯವನ್ನು ಪ್ರತಿವರ್ಷವೂ ಕನ್ನಡದಲ್ಲಿ ನಿರೂಪಿಸತಕ್ಕದ್ದೆಂದು ಈ ಉಪನ್ಯಾಸ ದತ್ತಿಯ ಸ್ಥಾಪಕರು ವಿಧಿಸಿರುವರಷ್ಟೆ. ಆ ವಿಧಿಗನುಸಾರವಾಗಿ ಈ ಸಲ ಮಾತನಾಡುವಂತೆ ನನ್ನನ್ನು ಕರೆಸಿಕೊಂಡ ಸಮಿತಿಯವರ ವಿಶ್ವಾಸಕ್ಕೆ ನಾನು ಕೃತಜ್ಞನಾಗಿದ್ದೇನೆ. ಆಯುಷ್ಯದ ಬಹುಭಾಗವನ್ನು ಗ್ರಂಥಾಲಯದಲ್ಲಿ ಕಳೆದವನಿಗೆ ಯಂತ್ರಗಳ ವಿಷಯದಲ್ಲಿ ಮಾತನಾಡುವ ಅಧಿಕಾರ ಎಲ್ಲಿಂದ ಬಂತೆಂದು ತಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಬಂದವರಿಗೆ ಬೇಕಾದ ಗ್ರಂಥ ಯಾವ ಕಪಾಟಿನಲ್ಲಿದೆಯೆಂದು ತೋರಿಸುವುದೇ ಗ್ರಂಥಪಾಲಕನ ಕಸುಬು. ಆ ಕಸುಬನ್ನು ಈಗ ಬಹುಮಟ್ಟಿಗೆ ತನ್ನದಾಗಿಸಿಕೊಂಡಿರುವ ಯಂತ್ರವು ಅದನ್ನು ಹೇಗೆ ನಡೆಸಿಕೊಂಡು ಹೋಗುತ್ತಿದೆಯೆಂದು ವಿಚಾರಿಸುವುದು ಹಳೆಯ ಕಸುಬಿನವನಿಗೆ ಸಲ್ಲದ ಕೆಲಸವೇನೂ ಅಲ್ಲವೆಂದು ನನ್ನ ನಂಬಿಕೆ.

ನಾನು ಇಂದು ವಿವೇಚನೆಗೆ ತೆಗೆದುಕೊಂಡಿರುವುದು ಒಂದೇ ಒಂದು ಪುಟ. ಗೂಗಲ್, ಬಿಂಗ್ ಮೊದಲಾದ ಶೋಧಯಂತ್ರಗಳಲ್ಲಿ ಎರಡು ಮಾತು ಬರೆದು ಒತ್ತಿದ ಕ್ಷಣವೇ ಕಣ್ಣೆದುರಿಗೆ ತೆರೆದುಕೊಳ್ಳುವ ಫಲಿತಾಂಶದ ಪುಟವದು. ಮಗುವಿಗೆ ಜ್ವರ ಬಂದರೆ, ಪಹಣಿಯ ನಕಲು ಬೇಕಾದರೆ, ಕಾಲೇಜಿನ ಪ್ರವೇಶದ ದಿನಾಂಕ ತಿಳಿಯಬೇಕಾದರೆ, ಊರಿಂದೂರಿಗೆ ಬಸ್ಸಿನ ವೇಳೆ ನೋಡಬೇಕಾದರೆ, ಅಕ್ಷರ ಬಲ್ಲ ಮನೆಗಳಲ್ಲಿ ಮೊದಲು ತೆರೆಯುವುದು ಈ ಪುಟವನ್ನೇ. ವೃತ್ತಪತ್ರಿಕೆಯನ್ನು ಓದುವ ಮನೆಯಲ್ಲಿ, ಹತ್ತು ವರ್ಷದ ಹುಡುಗನಿಗೂ ಸುದ್ದಿ ಯಾವುದು, ಸಂಪಾದಕೀಯ ಯಾವುದು, ವಾಚಕರ ಪತ್ರ ಯಾವುದು, ಸೀರೆಯಂಗಡಿಯ ಜಾಹೀರಾತು ಯಾವುದು ಎಂಬ ಭೇದ ಯಾರೂ ಹೇಳಿಕೊಡದೆಯೇ ತಿಳಿದಿರುತ್ತದೆ. ಒಂದೇ ಹಾಳೆಯ ಮೇಲೆ ಅಚ್ಚಾಗಿದ್ದರೂ ಆ ನಾಲ್ಕಕ್ಕೂ ಅವನು ಒಂದೇ ತೂಕ ಕೊಡುವುದಿಲ್ಲ. ಆದರೆ ಶೋಧಫಲಿತದ ಪುಟವನ್ನು ಓದುವಾಗ, ಪದವೀಧರರಾದ ನಾವು ಕೂಡ, ಅದರಲ್ಲಿ ಕಂಡುದಕ್ಕೆಲ್ಲ ‘ಗೂಗಲ್ ಹೇಳಿತು’ ಎಂಬ ಒಂದೇ ಮುದ್ರೆಯನ್ನೊತ್ತಿ ಮುಂದಕ್ಕೆ ಹೋಗುತ್ತೇವೆ. ಆ ಪುಟದಲ್ಲಿ ಮಾತನಾಡುವವರು ಒಬ್ಬರಲ್ಲ, ಹಲವರು. ಅವರವರ ಉದ್ದೇಶ ಬೇರೆ, ಅವರವರ ಹೊಣೆ ಬೇರೆ. ಅಷ್ಟೇ ಅಲ್ಲದೆ, ಇತರರ ಮಾತನ್ನು ತೋರಿಸುವುದಕ್ಕಾಗಿ ಹುಟ್ಟಿದ ಆ ಪುಟವು ಕಾಲಕ್ರಮದಲ್ಲಿ ತಾನೇ ಮಾತನಾಡತೊಡಗಿದೆ. ಅದರ ಅಂಗಾಂಗಗಳನ್ನು ಬಿಡಿಸಿ ನೋಡಿದಲ್ಲದೆ ಈ ಬದಲಾವಣೆ ಗೋಚರವಾಗುವುದಿಲ್ಲ.

1

ಅಂಗಗಳ ವಿವರಣೆಗೆ ಮೊದಲು ಆ ಪುಟ ಸಿದ್ಧವಾಗುವ ಬಗೆಯನ್ನು ಸಂಕ್ಷೇಪವಾಗಿ ಹೇಳಬೇಕು. 1990ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾನಿಲಯದಲ್ಲಿದ್ದ ಅಲನ್ ಎಮ್ಟೇಜ್ ರಚಿಸಿದ ಆರ್ಚಿ ಎಂಬ ಸಾಧನವು ಬೇರೆ ಬೇರೆ ಕಂಪ್ಯೂಟರುಗಳಲ್ಲಿದ್ದ ಕಡತಗಳ ಹೆಸರುಗಳನ್ನು ಮಾತ್ರ ಹುಡುಕಿಕೊಡುತ್ತಿತ್ತು. ಕಡತದೊಳಗೆ ಏನಿದೆಯೆಂಬುದು ಅದಕ್ಕೆ ತಿಳಿಯದು. 1994ರಲ್ಲಿ ಜೆರ್ರಿ ಯಾಂಗ್ ಮತ್ತು ಡೇವಿಡ್ ಫಿಲೊ ಆರಂಭಿಸಿದ ಯಾಹೂ, ಜಾಲತಾಣಗಳನ್ನು ಮನುಷ್ಯರೇ ನೋಡಿ ವಿಷಯಾನುಸಾರವಾಗಿ ವಿಂಗಡಿಸಿದ ಪಟ್ಟಿಯಾಗಿದ್ದು, ಗ್ರಂಥಾಲಯದ ವರ್ಗೀಕರಣ ಪದ್ಧತಿಗೆ ಸಮೀಪವಾಗಿತ್ತು. 1995ರ ಡಿಸೆಂಬರಿನಲ್ಲಿ ಪ್ರಕಟವಾದ ಆಲ್ಟಾವಿಸ್ಟಾ ಪುಟಗಳ ಪೂರ್ಣಪಾಠವನ್ನೇ ಹುಡುಕತೊಡಗಿದಾಗ, ಸಾವಿರಾರು ಪುಟಗಳು ಸಿಕ್ಕುವುದೇನೋ ನಿಜ, ಅವುಗಳಲ್ಲಿ ಮೊದಲು ಯಾವುದನ್ನು ನೋಡಬೇಕು ಎಂಬ ಹೊಸ ಕಷ್ಟ ಹುಟ್ಟಿಕೊಂಡಿತು. ಈ ಕಷ್ಟಕ್ಕೆ 1998ರಲ್ಲಿ ಸ್ಟಾನ್‌ಫರ್ಡ್ ವಿಶ್ವವಿದ್ಯಾನಿಲಯದ ಇಬ್ಬರು ಸಂಶೋಧನ ವಿದ್ಯಾರ್ಥಿಗಳು, ಲ್ಯಾರಿ ಪೇಜ್ ಮತ್ತು ಸೆರ್ಗೆ ಬ್ರಿನ್, ಸೂಚಿಸಿದ ಪರಿಹಾರವು ವಿದ್ವತ್ಪ್ರಪಂಚದಿಂದ ಬಂದದ್ದು. ಒಂದು ಪ್ರಬಂಧವನ್ನು ಎಷ್ಟು ಮಂದಿ ವಿದ್ವಾಂಸರು ಉಲ್ಲೇಖಿಸುತ್ತಾರೋ ಅಷ್ಟರಮಟ್ಟಿಗೆ ಅದಕ್ಕೆ ಗೌರವ ಸಲ್ಲುವ ಹಾಗೆಯೇ, ಒಂದು ಪುಟಕ್ಕೆ ಎಷ್ಟು ಪುಟಗಳು ಕೊಂಡಿ ಹಾಕಿವೆ, ಹಾಗೆ ಕೊಂಡಿ ಹಾಕಿದ ಪುಟಗಳಿಗೆ ಸ್ವತಃ ಎಷ್ಟು ಮನ್ನಣೆಯಿದೆ ಎಂಬುದನ್ನು ಗಣಿಸಿ ಆ ಪುಟದ ಸ್ಥಾನವನ್ನು ಗೊತ್ತುಮಾಡಬಹುದೆಂದು ಅವರು ತೋರಿಸಿದರು. ಈಗ ಈ ಗಣನೆಯ ಜೊತೆಗೆ ಇನ್ನೂ ಅನೇಕ ಗಣನೆಗಳು ಸೇರಿಕೊಂಡಿವೆ. ಆದರೆ ಮೂಲತತ್ತ್ವವನ್ನು ಮರೆಯಬಾರದು: ಯಂತ್ರ ಅಳೆಯುವುದು ಮನ್ನಣೆಯನ್ನೇ ಹೊರತು ಸತ್ಯವನ್ನಲ್ಲ. ಮನ್ನಣೆಯೂ ಸತ್ಯವೂ ಅನೇಕ ವೇಳೆ ಜೊತೆಯಾಗಿರುತ್ತವೆ, ಯಾವಾಗಲೂ ಅಲ್ಲ.

ನಾವು ಪ್ರಶ್ನೆಯನ್ನು ಬರೆದಾಗ ಯಂತ್ರವು ಜಗತ್ತನ್ನೆಲ್ಲ ಹುಡುಕಲು ಹೊರಡುವುದೆಂಬುದು ಸಾಮಾನ್ಯವಾದ ತಪ್ಪುಕಲ್ಪನೆ. ಕೊಂಡಿಯಿಂದ ಕೊಂಡಿಗೆ ಸಾಗುತ್ತ ಪುಟಗಳನ್ನು ಓದಿಬರುವ ಕೆಲಸವನ್ನು ಅದರ ಪರಿಚಾರಕ ತಂತ್ರಾಂಶಗಳು ಮೊದಲೇ ಮಾಡಿಟ್ಟಿರುತ್ತವೆ. ಯಾವ ಪದ ಯಾವ ಯಾವ ಪುಟದಲ್ಲಿದೆ ಎಂಬ ಮಹಾಸೂಚಿಯೊಂದು ಸಿದ್ಧವಾಗಿರುತ್ತದೆ. ಕ್ಷಣಾರ್ಧದಲ್ಲಿ ನಡೆಯುವ ಶೋಧವೆಲ್ಲ ಈ ಸೂಚಿಯೊಳಗೆ. ಸೂಚಿಗೆ ಸೇರದ ಪುಟ ಎಷ್ಟೇ ಉತ್ತಮವಾಗಿರಲಿ, ಹುಡುಕುವವನ ಪಾಲಿಗೆ ಅದು ಇಲ್ಲ. ಕನ್ನಡಿಗರಾದ ನಮಗೆ ಈ ಮಾತಿನ ಅರ್ಥ ಅನುಭವದಿಂದಲೇ ತಿಳಿದಿದೆ. ಯೂನಿಕೋಡ್ ಎಂಬ ಅಕ್ಷರಸಂಕೇತ ಪದ್ಧತಿಯ 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡ ಲಿಪಿಗೆ ಸ್ಥಾನವಿದ್ದಾಗ್ಯೂ, ತರುವಾಯ ಬಹುಕಾಲ ನಮ್ಮ ಪತ್ರಿಕೆಗಳೂ ಪ್ರಕಾಶಕರೂ ತಮ್ಮ ತಮ್ಮ ಪ್ರತ್ಯೇಕ ಅಕ್ಷರವಿನ್ಯಾಸಗಳನ್ನೇ ಬಳಸುತ್ತಿದ್ದುದರಿಂದ, ಕಣ್ಣಿಗೆ ಕನ್ನಡವಾಗಿ ಕಂಡ ಬರಹ ಯಂತ್ರಕ್ಕೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿತ್ತು. ಲಿಪಿಯ ತೊಡಕು ಪರಿಹಾರವಾದ ಮೇಲೂ ವಿಭಕ್ತಿಯ ತೊಡಕು ಉಳಿಯಿತು. ಮೈಸೂರು, ಮೈಸೂರಿನ, ಮೈಸೂರಿಗೆ, ಮೈಸೂರಿನಲ್ಲಿ ಎಂಬ ನಾಲ್ಕು ರೂಪಗಳು ಒಂದೇ ಊರಿನವೆಂದು ನಮ್ಮ ಮಕ್ಕಳಿಗೆ ಗೊತ್ತು. ಅಕ್ಷರಗಳ ಸಾಲನ್ನು ಮಾತ್ರ ಹೋಲಿಸಿ ನೋಡುವ ಯಂತ್ರಕ್ಕೆ ಅವು ನಾಲ್ಕು ಬೇರೆ ಪದಗಳು. ಭಾಷೆಯ ಜಾಡನ್ನು ಅರಿಯುವ ಹೊಸ ಪದ್ಧತಿಗಳಿಂದ ಈ ನ್ಯೂನತೆ ಕಡಮೆಯಾಗಿದೆಯಾದರೂ, ಕನ್ನಡದಲ್ಲಿ ಹುಡುಕುವವರು ಒಂದೇ ವಿಷಯವನ್ನು ಎರಡು ರೂಪಗಳಲ್ಲಿ ಬರೆದು ನೋಡಿದರೆ ಎರಡು ಬಗೆಯ ಪುಟಗಳು ತೆರೆದುಕೊಳ್ಳುವುದು ಇಂದಿಗೂ ಉಂಟು.

2

ಈಗ ಒಂದು ಪ್ರತ್ಯಕ್ಷ ನಿದರ್ಶನವನ್ನು ತೆಗೆದುಕೊಳ್ಳೋಣ. ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಶಿವಮೊಗ್ಗ ಜಿಲ್ಲೆಯ ಜೋಗಕ್ಕೆ ಹೋಗಬೇಕೆಂದಿರುವ ಗೃಹಸ್ಥರೊಬ್ಬರು ‘ಜೋಗ ಜಲಪಾತ’ ಎಂದು ಬರೆಯತೊಡಗುತ್ತಾರೆಂದು ಭಾವಿಸಿ. ಅವರು ಬರೆದು ಮುಗಿಸುವ ಮೊದಲೇ ಪೆಟ್ಟಿಗೆಯ ಕೆಳಗೆ ನಾಲ್ಕಾರು ಸಾಲುಗಳು ಇಳಿಬೀಳುತ್ತವೆ: ಜಲಪಾತದ ಎತ್ತರ, ಹೋಗಲು ಒಳ್ಳೆಯ ಕಾಲ, ತಂಗುವ ವಸತಿ, ಇತ್ಯಾದಿ. 2004ರಲ್ಲಿ ಪ್ರಯೋಗಾರ್ಥವಾಗಿ ಆರಂಭವಾದ ಈ ಸೂಚನಾಪದ್ಧತಿಯಲ್ಲಿ ಮಾತನಾಡುವವರು ನಮ್ಮಂತೆಯೇ ಹುಡುಕಿದ ಇತರರು; ಬಹುಜನರು ಏನು ಕೇಳಿದರೆಂಬುದರ ಲೆಕ್ಕವನ್ನು ಯಂತ್ರ ನಮ್ಮ ಮುಂದಿಡುತ್ತದೆ. ಸೌಕರ್ಯವೇನೋ ಹೌದು. ಆದರೆ ನಾವು ಕೇಳಬೇಕೆಂದುಕೊಂಡಿದ್ದ ಪ್ರಶ್ನೆಯನ್ನು ಬಿಟ್ಟು ಇತರರ ಪ್ರಶ್ನೆಯನ್ನು ನಮ್ಮದೆಂದು ಒಪ್ಪಿಕೊಂಡುಬಿಡುವುದು ಇಲ್ಲಿಯೇ.

ಪೆಟ್ಟಿಗೆಯ ಕೆಳಗೆ ಚಿತ್ರ, ಸುದ್ದಿ, ವೀಡಿಯೊ, ನಕ್ಷೆ ಎಂಬ ವಿಭಾಗಗಳ ಸಾಲು ಇರುತ್ತದೆ. ಇವುಗಳಲ್ಲಿ ಒಂದೊಂದಕ್ಕೂ ಒಂದೊಂದು ಚರಿತ್ರೆಯುಂಟು. 2000ದಲ್ಲಿ ಅಮೆರಿಕದ ಒಂದು ಸಂಗೀತಪ್ರಶಸ್ತಿಯ ಸಮಾರಂಭಕ್ಕೆ ಗಾಯಕಿ ಜೆನಿಫರ್ ಲೋಪೆಜ್ ಹಸುರು ಉಡುಪೊಂದನ್ನು ತೊಟ್ಟು ಬಂದಾಗ, ಅದನ್ನು ನೋಡಬಯಸಿದ ಅಸಂಖ್ಯ ಜನರಿಗೆ ಅಕ್ಷರದ ಸಾಲುಗಳನ್ನಲ್ಲದೆ ಬೇರೇನನ್ನೂ ಕೊಡಲಾರದೆಹೋದ ಗೂಗಲ್, ಮುಂದಿನ ವರ್ಷ ಚಿತ್ರಶೋಧವನ್ನು ಆರಂಭಿಸಿತು. 2001ರ ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿ ನಡೆದ ಭಯೋತ್ಪಾದಕ ಕೃತ್ಯದ ಸಮಯದಲ್ಲಿ ಸುದ್ದಿಗಳನ್ನು ಒಂದೆಡೆ ಕಾಣುವ ಅಗತ್ಯವನ್ನು ಮನಗಂಡು ಸುದ್ದಿವಿಭಾಗವನ್ನು ನಿರ್ಮಿಸಿದವರು ಬೆಂಗಳೂರಿನಲ್ಲಿ ಶಾಲಾಭ್ಯಾಸ ಮಾಡಿದ ಕೃಷ್ಣ ಭರತ್. 2004ರಲ್ಲಿ ಆ ಸಂಸ್ಥೆಯ ಸಂಶೋಧನ ಕೇಂದ್ರವನ್ನು ಬೆಂಗಳೂರಿನಲ್ಲಿ ನೆಲೆಗೊಳಿಸಿದವರೂ ಅವರೇ. 2007ರ ಮೇ ತಿಂಗಳವರೆಗೆ ಈ ವಿಭಾಗಗಳು ಬೇರೆ ಬೇರೆಯಾಗಿದ್ದವು. ಮುಖ್ಯಪುಟದಲ್ಲಿ ಇದ್ದುವು ಹತ್ತು ನೀಲಿ ಸಾಲುಗಳು ಮತ್ತು ಜಾಹೀರಾತುಗಳು. ಆ ತಿಂಗಳಲ್ಲಿ ಎಲ್ಲವನ್ನೂ ಒಂದೇ ಪುಟದಲ್ಲಿ ಬೆರೆಸಿ ತೋರಿಸುವ ವ್ಯವಸ್ಥೆ ಬಂತು. ನಾವು ಇಂದು ಕಾಣುವ ಬಹುವಿಧವಾದ ಪುಟದ ಜನ್ಮಕಾಲ ಅದೆನ್ನಬಹುದು.

ನಮ್ಮ ಗೃಹಸ್ಥರ ದೃಷ್ಟಿ ಮೊದಲು ಬೀಳುವುದು, ಜೋಗದ ಆಸುಪಾಸಿನ ಹೋಟೆಲುಗಳನ್ನೂ ಪ್ರವಾಸದ ಬಾಡಿಗೆ ಕಾರುಗಳನ್ನೂ ಹೊಗಳುವ ಕೆಲವು ಸಾಲುಗಳ ಮೇಲೆ. ಅವುಗಳ ಮೇಲ್ಗಡೆ ಸಣ್ಣ ಅಕ್ಷರದಲ್ಲಿ ‘ಪ್ರಾಯೋಜಿತ’ ಎಂದಿರುತ್ತದೆ. ಇಲ್ಲಿ ಮಾತನಾಡುವವನು ವ್ಯಾಪಾರಿ. ನೀವು ಹುಡುಕುವ ಪ್ರತಿಯೊಂದು ಸಲವೂ, ನಿಮಗೆ ಕಾಣದಂತೆ, ಆ ಪದಗಳಿಗಾಗಿ ಒಂದು ಹರಾಜು ನಡೆದುಹೋಗಿರುತ್ತದೆ. ಒಂದು ಒತ್ತಿಗೆ ಎಷ್ಟು ಹಣ ಕೊಡಬಲ್ಲೆನೆಂದು ಪ್ರತಿಯೊಬ್ಬ ಜಾಹೀರಾತುದಾರನೂ ಮೊದಲೇ ಹೇಳಿಟ್ಟಿರುತ್ತಾನೆ. ಆ ಹಣವನ್ನೂ ಜಾಹೀರಾತಿನ ಗುಣವನ್ನೂ, ಅಂದರೆ ಜನರು ಅದನ್ನು ಒತ್ತುವ ಸಂಭವವೆಷ್ಟು, ಒತ್ತಿದ ಮೇಲೆ ತೆರೆಯುವ ಪುಟ ಎಷ್ಟು ಉಚಿತವಾದುದು ಎಂಬುದನ್ನೂ ಸೇರಿಸಿ ಸ್ಥಾನ ನಿರ್ಣಯವಾಗುತ್ತದೆ. ಸಾಮಾನ್ಯವಾಗಿ ಹಣ ಸಲ್ಲುವುದು ಒತ್ತಿದಾಗ ಮಾತ್ರ. 1998ರಲ್ಲಿ ಬಿಲ್ ಗ್ರಾಸ್ ಸ್ಥಾಪಿಸಿದ ಗೋಟು ಎಂಬ ಶೋಧತಾಣದಲ್ಲಿ ಬಳಕೆಗೆ ಬಂದ ಈ ಹರಾಜಿನ ಕ್ರಮವನ್ನು 2002ರಲ್ಲಿ ಗೂಗಲ್ ತನ್ನದೇ ರೀತಿಯಲ್ಲಿ ಅಳವಡಿಸಿಕೊಂಡಿತು. ಜಾಹೀರಾತಿನಿಂದ ಬದುಕುವ ಶೋಧಯಂತ್ರವು ಸ್ವಭಾವತಃ ಜಾಹೀರಾತುದಾರರ ಕಡೆಗೇ ವಾಲುವುದೆಂದು ಪೇಜ್ ಮತ್ತು ಬ್ರಿನ್ ಇಬ್ಬರೂ ತಮ್ಮ 1998ರ ಪ್ರಬಂಧದ ಅನುಬಂಧದಲ್ಲಿ ತಾವೇ ಎಚ್ಚರಿಕೆ ಕೊಟ್ಟಿದ್ದರು. 2000ದ ಅಕ್ಟೋಬರಿನಲ್ಲಿ ಅವರೇ ಸ್ಥಾಪಿಸಿದ ಗೂಗಲ್ ಸಂಸ್ಥೆ 350 ಜಾಹೀರಾತುದಾರರೊಡನೆ ಆ ದಾರಿಯನ್ನು ಹಿಡಿಯಿತು.

ಜಾಹೀರಾತನ್ನು ಇತರ ಸಾಲುಗಳಿಂದ ಬೇರ್ಪಡಿಸುವ ಗುರುತಿನ ಇತಿಹಾಸ ಸ್ವಾರಸ್ಯವಾದುದು. ಮೊದಮೊದಲು ಆ ಸಾಲುಗಳ ಹಿಂದೆ ತೆಳುಬಣ್ಣದ ಹಿನ್ನೆಲೆಯಿರುತ್ತಿತ್ತು. 2013ರಲ್ಲಿ ಅದು ಹೋಗಿ ಹಳದಿಯ ಪುಟ್ಟ ಚೀಟಿ ಬಂತು, 2016ರಲ್ಲಿ ಹಸುರಾಯಿತು, 2020ರಲ್ಲಿ ಕರಿಯ ಅಕ್ಷರವಾಗಿ, ಸಾಮಾನ್ಯ ಫಲಿತಾಂಶದ ರೂಪಕ್ಕೆ ತೀರ ಹತ್ತಿರವಾಯಿತು. ಅಮೆರಿಕದ ವಾಣಿಜ್ಯ ಆಯೋಗವು 2002ರಲ್ಲಿ ಒಮ್ಮೆ, 2013ರಲ್ಲಿ ಮತ್ತೊಮ್ಮೆ, ಹಣ ಪಡೆದು ತೋರಿಸಿದ ಸಾಲುಗಳು ಓದುಗನಿಗೆ ಸ್ಪಷ್ಟವಾಗಿ ತಿಳಿಯುವಂತಿರಬೇಕೆಂದು ಶೋಧಸಂಸ್ಥೆಗಳಿಗೆ ಪತ್ರ ಬರೆದಿತ್ತು.

ಜಾಹೀರಾತುಗಳನ್ನು ದಾಟಿದರೆ ನಕ್ಷೆಯೊಂದೂ, ಅದರ ಕೆಳಗೆ ಮೂರು ವಸತಿಗೃಹಗಳ ಹೆಸರುಗಳೂ, ಅವುಗಳಿಗೆ ಜನರು ಕೊಟ್ಟ ನಕ್ಷತ್ರಗಳೂ ಇರುತ್ತವೆ. ಏಳು ಹೆಸರುಗಳಿರುತ್ತಿದ್ದ ಈ ಪಟ್ಟಿ 2015ರಲ್ಲಿ ಮೂರಕ್ಕೆ ಇಳಿಯಿತು. ಪ್ರಶ್ನೆಗೆ ಎಷ್ಟು ಹೊಂದುತ್ತದೆ, ಎಷ್ಟು ದೂರದಲ್ಲಿದೆ, ಎಷ್ಟು ಪ್ರಸಿದ್ಧವಾಗಿದೆ ಎಂಬ ಮೂರು ಲೆಕ್ಕಗಳಿಂದ ಇದರ ಕ್ರಮ ಏರ್ಪಡುತ್ತದೆ. ಇಲ್ಲಿನ ಮಾತು ಅಂಗಡಿಯ ಮಾಲೀಕನದು, ಅಭಿಪ್ರಾಯ ಬರೆದ ಗಿರಾಕಿಯದು, ಮತ್ತು ಯಾರೋ ದಾರಿಹೋಕನದು. ಏಕೆಂದರೆ ದೂರವಾಣಿ ಸಂಖ್ಯೆ, ವೇಳೆ ಮುಂತಾದುವನ್ನು ತಿದ್ದಬೇಕೆಂದು ಸೂಚಿಸುವ ಅವಕಾಶ ಸಾರ್ವಜನಿಕರಿಗೂ ಉಂಟು. ಈ ಅವಕಾಶದಿಂದ ಒಳಿತಾದಂತೆ ಕೇಡೂ ಆಗಿದೆ. ಬ್ಯಾಂಕಿನ ಹೆಸರಿನ ಮುಂದೆ ತಮ್ಮ ಸಂಖ್ಯೆಯನ್ನು ನುಸುಳಿಸಿ, ಕರೆ ಮಾಡಿದವರಿಂದ ಗುಪ್ತಸಂಖ್ಯೆಗಳನ್ನು ಪಡೆದು ಹಣ ದೋಚುವ ವಂಚಕರ ವಿಷಯದಲ್ಲಿ ಭಾರತೀಯ ರಿಸರ್ವ್ ಬ್ಯಾಂಕು 2022ರಲ್ಲಿ ಹೊರಡಿಸಿದ ಎಚ್ಚರಿಕೆಯ ಪುಸ್ತಿಕೆಯಲ್ಲಿ, ಶೋಧಫಲಿತದಲ್ಲಿ ಕಂಡ ಸಂಖ್ಯೆಗಳನ್ನು ನಂಬಿ ಮೋಸಹೋಗುವ ಪ್ರಕರಣಗಳಿಗೆ ಪ್ರತ್ಯೇಕವಾದ ಸ್ಥಾನ ಕೊಡಲಾಗಿದೆ.

ಪುಟದ ಬಲಗಡೆಯಲ್ಲಿ, ಫೋನಿನಲ್ಲಾದರೆ ಮೇಲ್ಗಡೆಯಲ್ಲಿ, ಚೌಕಟ್ಟಿನೊಳಗೆ ಜಲಪಾತದ ಚಿತ್ರ, ಶರಾವತಿ ನದಿಯ ಹೆಸರು, 253 ಮೀಟರ್ ಎತ್ತರವೆಂಬ ಅಂಕಿ ಕಾಣಿಸುತ್ತವೆ. 2012ರ ಮೇ ತಿಂಗಳಲ್ಲಿ ಆರಂಭವಾದ ಈ ಜ್ಞಾನಫಲಕದ ಹಿಂದೆ, ವ್ಯಕ್ತಿ, ಸ್ಥಳ, ಕೃತಿ ಮೊದಲಾದ ವಸ್ತುಗಳನ್ನೂ ಅವುಗಳ ಪರಸ್ಪರ ಸಂಬಂಧಗಳನ್ನೂ ದಾಖಲಿಸಿದ ಬೃಹತ್ಕೋಶವೊಂದಿದೆ. ಆರಂಭದಲ್ಲಿಯೇ ಅದರಲ್ಲಿ 50 ಕೋಟಿ ವಸ್ತುಗಳೂ ಅವುಗಳಿಗೆ ಸಂಬಂಧಿಸಿದ 350 ಕೋಟಿ ಸಂಗತಿಗಳೂ ಇದ್ದುವೆಂದು ಗೂಗಲ್ ಸಂಸ್ಥೆ ಪ್ರಕಟಿಸಿತ್ತು. ಆದರೆ ಆ ಸಂಗತಿಗಳಲ್ಲಿ ಬಹುಭಾಗ ಹೊರಗಿನಿಂದ ಬಂದವು. ಅವುಗಳಲ್ಲಿ ವಿಕಿಪೀಡಿಯದಂಥ ಜನರಚಿತ ಕೋಶದ ಪಾಲು ದೊಡ್ಡದು. ಮೂಲದಲ್ಲಿ ಒಬ್ಬ ಸ್ವಯಂಸೇವಕ ಮಾಡಿದ ತಪ್ಪು, ಫಲಕದ ಚೌಕಟ್ಟಿನೊಳಕ್ಕೆ ಬಂದೊಡನೆ ಶಿಲಾಶಾಸನದ ಗಾಂಭೀರ್ಯವನ್ನು ತಾಳುತ್ತದೆ.

ಇವೆಲ್ಲವುಗಳ ನಡುವೆಯೂ ಕೆಳಗೂ ಹರಡಿಕೊಂಡಿರುವುದು ಪುಟದ ಮೂಲಧನವಾದ ಸಹಜ ಫಲಿತಾಂಶಗಳು. ಒಂದೊಂದರಲ್ಲೂ ತಾಣದ ಹೆಸರು ಮತ್ತು ವಿಳಾಸ, ನೀಲಿಯ ಶೀರ್ಷಿಕೆ, ಎರಡು ಸಾಲಿನ ಉದ್ಧರಣ ಎಂಬ ಭಾಗಗಳಿರುತ್ತವೆ. ವಿಳಾಸವೊಂದೇ ಬದಲಾಯಿಸಲಾಗದ ಸಂಗತಿ. ಶೀರ್ಷಿಕೆಯನ್ನು ಪುಟದ ಕರ್ತೃವೇ ಬರೆದಿದ್ದರೂ ಯಂತ್ರ ಅದನ್ನು ತಿದ್ದಿ ತೋರಿಸಬಹುದು. ಎರಡು ಸಾಲಿನ ಉದ್ಧರಣವನ್ನಂತೂ ನಮ್ಮ ಪ್ರಶ್ನೆಯ ಪದಗಳು ಎಲ್ಲಿ ಸಿಕ್ಕಿದವೋ ಅಲ್ಲಿಂದ ಯಂತ್ರವೇ ಆಯ್ದು ತರುವುದೇ ಹೆಚ್ಚು. ಆದಕಾರಣ ಆ ಎರಡು ಸಾಲನ್ನೋದಿ ಇಡೀ ಲೇಖನದ ಅಭಿಪ್ರಾಯ ಇದೇ ಎಂದು ನಿಶ್ಚಯಿಸುವುದು ಸಲ್ಲದು. ಲೇಖಕನು ಖಂಡಿಸುವುದಕ್ಕಾಗಿಯೇ ಎತ್ತಿಕೊಂಡ ಮಾತು ಅಲ್ಲಿ ಅವನ ಸ್ವಂತ ಮಾತಿನಂತೆ ನಿಂತಿರಬಹುದು. ಶೀರ್ಷಿಕೆಯ ಪಕ್ಕದ ಮೂರು ಚುಕ್ಕೆಗಳನ್ನು ಒತ್ತಿದರೆ ಆ ತಾಣ ಎಂಥದು, ಈ ಫಲಿತಾಂಶ ಏಕೆ ಬಂತು ಎಂಬುದರ ಸಂಕ್ಷಿಪ್ತ ವಿವರ ದೊರೆಯುವುದು. 2021ರಲ್ಲಿ ಬಂದ ಈ ಉಪಯುಕ್ತ ಸೌಲಭ್ಯವನ್ನು ಬಳಸುವವರು ಎಲ್ಲೋ ಕೆಲವರು.

3

ಇದುವರೆಗೆ ಹೇಳಿದ ಭಾಗಗಳಲ್ಲಿ ಪುಟದ ಮುಖ್ಯ ಕೆಲಸ ತೋರಿಸುವುದು. ಇನ್ನು ಅದು ಹೇಳತೊಡಗಿದ ಭಾಗಗಳಿಗೆ ಬರುತ್ತೇನೆ. 2014ರ ಸುಮಾರಿನಿಂದ, ಪ್ರಶ್ನೆಯ ರೂಪದಲ್ಲಿ ಏನನ್ನಾದರೂ ಹುಡುಕಿದರೆ, ಯಾವುದೋ ಒಂದು ತಾಣದಿಂದ ಆಯ್ದ ಒಂದೆರಡು ವಾಕ್ಯಗಳನ್ನು ಎಲ್ಲ ಫಲಿತಾಂಶಗಳಿಗಿಂತ ಮೇಲೆ, ದಪ್ಪಕ್ಷರಗಳಲ್ಲಿ, ಉತ್ತರವೆಂಬಂತೆ ಇಡುವ ಪದ್ಧತಿ ಬಂತು. ಅದರ ಬೆನ್ನಿಗೇ, ಜನರು ಕೇಳುವ ಇತರ ಪ್ರಶ್ನೆಗಳೆಂಬ ಮಡಚಿಟ್ಟ ಸಾಲುಗಳೂ ಬಂದವು. ಒಂದನ್ನು ಬಿಚ್ಚಿದರೆ ಅಂಥದೇ ಆಯ್ದ ಉತ್ತರ ಕಾಣಿಸಿ, ಕೆಳಗೆ ಇನ್ನಷ್ಟು ಪ್ರಶ್ನೆಗಳು ಹುಟ್ಟಿಕೊಳ್ಳುತ್ತವೆ.

ಈ ಉತ್ತರಪೆಟ್ಟಿಗೆಯ ಸ್ವರೂಪವನ್ನು ಕನ್ನಡಿಗರು ಬಹಳ ಕಹಿಯಾಗಿ ಅರಿತದ್ದು 2021ರ ಜೂನ್ ತಿಂಗಳಲ್ಲಿ. ಭಾರತದ ಅತ್ಯಂತ ಕುರೂಪ ಭಾಷೆ ಯಾವುದೆಂದು ಯಾರೋ ಇಂಗ್ಲಿಷಿನಲ್ಲಿ ಕೇಳಿದ್ದಕ್ಕೆ, ಪೆಟ್ಟಿಗೆಯಲ್ಲಿ ಕನ್ನಡದ ಹೆಸರು ಮೂಡಿತು. ಆ ಪುಟದ ಚಿತ್ರ ಊರೂರಿಗೆ ಹರಡಿ, ನಾಡಿನಲ್ಲೆಲ್ಲ ಕ್ರೋಧ ಉಕ್ಕಿ, ರಾಜ್ಯದ ಕನ್ನಡ ಮತ್ತು ಸಂಸ್ಕೃತಿ ಸಚಿವರು ಕಾನೂನಿನ ಕ್ರಮದ ಮಾತನಾಡಿದ ಮೇಲೆ, ಗೂಗಲ್ ಸಂಸ್ಥೆಯು ಆ ಉತ್ತರವನ್ನು ತೆಗೆದುಹಾಕಿ, ಅದು ತನ್ನ ಅಭಿಪ್ರಾಯವಲ್ಲವೆಂದು ತಿಳಿಸಿ ಕ್ಷಮೆ ಯಾಚಿಸಿತು. ಆಗ ನಮ್ಮಲ್ಲಿ ಎರಡು ವಾದಗಳು ನಡೆದುವು. ಗೂಗಲ್ ಕನ್ನಡವನ್ನು ನಿಂದಿಸಿತು ಎಂದರು ಕೆಲವರು. ಯಂತ್ರಕ್ಕೆ ನಿಂದೆ ಸ್ತುತಿಗಳೆಲ್ಲಿಯವು, ಎಲ್ಲೋ ಬರೆದಿದ್ದುದನ್ನು ತಂದು ತೋರಿಸಿತಷ್ಟೆ ಎಂದರು ಇತರರು. ಎರಡರಲ್ಲಿಯೂ ಅರ್ಧ ಸತ್ಯವಿದೆ. ಆ ಮಾತನ್ನು ಬರೆದವರು ಸಂಸ್ಥೆಯವರಾರೂ ಅಲ್ಲ. ಭಾಷಾಶಾಸ್ತ್ರಕ್ಕೂ ತನಗೂ ಯಾವ ಸಂಬಂಧವೂ ಇಲ್ಲದ ಅಜ್ಞಾತ ತಾಣವೊಂದರಲ್ಲಿ ಅದು ಬಿದ್ದಿತ್ತು. ಭಾಷೆಗೆ ಕುರೂಪವೆಂಬುದೊಂದು ಇದೆಯೆಂದು ಪ್ರಶ್ನೆಯೇ ಮೊದಲು ಒಪ್ಪಿಕೊಂಡಿತ್ತು. ವಿವೇಕಿಗಳಾರೂ ಅಂಥ ಪ್ರಶ್ನೆಗೆ ಉತ್ತರ ಬರೆಯಲು ಹೋಗುವುದಿಲ್ಲವಾದ್ದರಿಂದ, ಬರೆದ ಅವಿವೇಕಿಯೊಬ್ಬನ ಪುಟವೇ ಪ್ರಶ್ನೆಗೆ ಅತ್ಯಂತ ಹೊಂದುವ ಪುಟವಾಗಿ ಯಂತ್ರಕ್ಕೆ ಕಂಡಿತು. ಇಷ್ಟು ಎರಡನೆಯ ಪಕ್ಷದ ಸತ್ಯ. ಆದರೆ ಮೂಲೆಯಲ್ಲಿ ಬಿದ್ದಿದ್ದ ಆ ಮಾತನ್ನು ಎತ್ತಿ ತಂದು, ಬರೆದವನ ಹೆಸರನ್ನು ಸಣ್ಣದು ಮಾಡಿ, ಮಾತನ್ನು ದೊಡ್ಡದು ಮಾಡಿ, ಪುಟದ ಶಿರೋಭಾಗದಲ್ಲಿ ಪ್ರತಿಷ್ಠಾಪಿಸಿದವರು ಯಾರು? ಆ ಏರ್ಪಾಟು ಸಂಸ್ಥೆಯದೇ. ಹತ್ತು ಸಾಲುಗಳಲ್ಲಿ ಏಳನೆಯದಾಗಿ ಅದೇ ಪುಟ ಬಂದಿದ್ದರೆ ಯಾರೂ ಕೆರಳುತ್ತಿರಲಿಲ್ಲ. ಜನರನ್ನು ನೋಯಿಸಿದ್ದು ಆ ಮಾತಿಗಿಂತ ಹೆಚ್ಚಾಗಿ ಅದಕ್ಕೆ ದೊರೆತ ಪೀಠ.

ಕಳೆದ ಕೆಲವು ವರ್ಷಗಳಲ್ಲಿ ಈ ದಾರಿಯಲ್ಲಿ ಮತ್ತೊಂದು ಹೆಜ್ಜೆಯಿಟ್ಟಾಗಿದೆ. 2024ರ ಮೇ ತಿಂಗಳಲ್ಲಿ ಅಮೆರಿಕದಲ್ಲಿಯೂ ಅದೇ ವರ್ಷದ ಆಗಸ್ಟಿನಲ್ಲಿ ಭಾರತದಲ್ಲಿಯೂ ಗೂಗಲ್ ತನ್ನ ಪುಟದ ಮೇಲ್ಭಾಗದಲ್ಲಿ ಕೃತಕ ಬುದ್ಧಿಮತ್ತೆಯು ರಚಿಸಿದ ಸಾರಾಂಶವನ್ನು ಇಡತೊಡಗಿತು. ಉತ್ತರಪೆಟ್ಟಿಗೆಯಲ್ಲಿದ್ದುದು ಯಾರೋ ಒಬ್ಬರ ವಾಕ್ಯ. ಇಲ್ಲಿನ ವಾಕ್ಯಗಳು ಹಲವು ಪುಟಗಳಿಂದ ಸಾಮಗ್ರಿಯನ್ನೆತ್ತಿಕೊಂಡು ಯಂತ್ರವೇ ಹೆಣೆದವು. ಪಕ್ಕದಲ್ಲಿ ಮೂಲಗಳ ಕೊಂಡಿಗಳಿರುತ್ತವೆಯಾದರೂ ಯಾವ ಪದ ಯಾವ ಮೂಲದ್ದೆಂಬುದು ಅನೇಕ ವೇಳೆ ಅಸ್ಪಷ್ಟ. ಆರಂಭದ ದಿನಗಳಲ್ಲಿಯೇ, ಪಿಜ್ಜಾದ ಮೇಲೆ ಚೀಸ್ ನಿಲ್ಲುವುದಕ್ಕೆ ಸ್ವಲ್ಪ ಅಂಟು ಬೆರೆಸಬಹುದೆಂದು ಅದು ಸಲಹೆ ಕೊಟ್ಟು ಜಗತ್ತನ್ನು ನಗಿಸಿತು. ಯಾರೋ ವರ್ಷಗಳ ಹಿಂದೆ ತಮಾಷೆಗೆಂದು ಬರೆದ ಮಾತನ್ನು ಯಂತ್ರವು ಪಾಕಶಾಸ್ತ್ರವೆಂದು ಗ್ರಹಿಸಿತ್ತು. ಅಂಟಿನ ವಿಷಯದಲ್ಲಿ ನಗುವಷ್ಟು ತಿಳಿವಳಿಕೆ ನಮಗುಂಟು. ಔಷಧದ ಪ್ರಮಾಣ, ಜಮೀನಿನ ಕಾಯಿದೆ, ಪಿಂಚಣಿಯ ನಿಯಮಗಳ ವಿಷಯದಲ್ಲಿ ಅಂಥದೇ ತಪ್ಪು ಬಂದರೆ ನಗುವುದಕ್ಕೆ ಬೇಕಾದ ಪೂರ್ವಜ್ಞಾನ ನಮ್ಮಲ್ಲಿ ಎಷ್ಟು ಮಂದಿಗಿದೆ?

4

ಮೇಲಿದ್ದುದೇ ಉತ್ತಮವೆಂಬ ಭಾವನೆ ನಮ್ಮಲ್ಲಿ ಎಷ್ಟು ಆಳವಾಗಿ ನೆಲೆಗೊಂಡಿದೆಯೆಂಬುದಕ್ಕೆ ಕಾರ್ನೆಲ್ ವಿಶ್ವವಿದ್ಯಾನಿಲಯದ ಸಂಶೋಧಕರು ನಡೆಸಿ, 2007ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಸಾಕ್ಷಿ ನುಡಿಯುತ್ತದೆ. ವಿದ್ಯಾರ್ಥಿಗಳ ಕಣ್ಣಿನ ಚಲನೆಯನ್ನು ಗಮನಿಸುತ್ತ, ಅವರಲ್ಲಿ ಕೆಲವರಿಗೆ, ಅವರ ಅರಿವಿಗೆ ಬಾರದಂತೆ, ಫಲಿತಾಂಶಗಳ ಕ್ರಮವನ್ನು ತಲೆಕೆಳಗು ಮಾಡಿ ತೋರಿಸಿದಾಗಲೂ, ಕಡಮೆ ಪ್ರಸ್ತುತವಾದ ಪುಟಗಳು ಮೇಲಿದ್ದುವೆಂಬ ಮಾತ್ರಕ್ಕೇ ಅವರು ಅವುಗಳ ಕಡೆಗೆ ಒಲಿದುದು ಕಂಡುಬಂತು. ಸ್ಥಾನಕ್ಕೆ ಇಂಥ ಶಕ್ತಿಯಿರುವಾಗ, ಸ್ಥಾನವನ್ನು ಹಂಚುವವನ ನಡತೆ ನ್ಯಾಯಾಲಯದ ಕಟ್ಟೆಗೆ ಬಂದುದು ಆಶ್ಚರ್ಯವಲ್ಲ.

ಸರಕುಗಳ ಬೆಲೆಯನ್ನು ಹೋಲಿಸುವ ತನ್ನದೇ ವಿಭಾಗವನ್ನು ಪುಟದ ಎತ್ತರದಲ್ಲಿಟ್ಟು, ಪ್ರತಿಸ್ಪರ್ಧಿಗಳನ್ನು ಕೆಳಗೆ ತಳ್ಳಿತೆಂಬ ಕಾರಣಕ್ಕಾಗಿ ಯೂರೋಪಿನ ಆಯೋಗವು 2017ರಲ್ಲಿ ಗೂಗಲಿಗೆ 242 ಕೋಟಿ ಯೂರೊ ದಂಡ ವಿಧಿಸಿತು; 2024ರ ಸೆಪ್ಟೆಂಬರಿನಲ್ಲಿ ಯೂರೋಪಿನ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ನಮ್ಮ ದೇಶದಲ್ಲಿ ವಿವಾಹಸಂಬಂಧದ ತಾಣವೊಂದನ್ನು ನಡೆಸುವ ಸಂಸ್ಥೆಯೂ ಗ್ರಾಹಕರ ಸಂಘವೊಂದೂ 2012ರಲ್ಲಿ ಸಲ್ಲಿಸಿದ ದೂರುಗಳ ಮೇಲೆ, ಭಾರತದ ಸ್ಪರ್ಧಾ ಆಯೋಗವು 2018ರ ಫೆಬ್ರವರಿಯಲ್ಲಿ ಗೂಗಲಿಗೆ 135.86 ಕೋಟಿ ರೂಪಾಯಿ ದಂಡ ಹಾಕಿತು. ವಿಮಾನಪ್ರಯಾಣದ ವಿಷಯ ಹುಡುಕಿದಾಗ ಪುಟದ ಮೇಲ್ಭಾಗದಲ್ಲಿ ತೋರುವ ವಾಣಿಜ್ಯಪೆಟ್ಟಿಗೆಯು ಓದುಗನನ್ನು ಸಂಸ್ಥೆಯ ಸ್ವಂತ ಪುಟಕ್ಕೆ ಒಯ್ಯುತ್ತದೆಂಬುದು ಆಯೋಗದ ಆಕ್ಷೇಪಣೆಗಳಲ್ಲೊಂದು. ಸಂಸ್ಥೆ ಮೇಲ್ಮನವಿ ಹೋಯಿತು. ಇನ್ನೊಂದು ಪ್ರಕರಣ ಇದಕ್ಕಿಂತ ಗಂಭೀರವಾದುದು. ಗರ್ಭದಲ್ಲಿರುವ ಶಿಶುವಿನ ಲಿಂಗವನ್ನು ಪತ್ತೆಹಚ್ಚುವ ಸೇವೆಗಳ ಜಾಹೀರಾತನ್ನು ನಮ್ಮ 1994ರ ಕಾಯಿದೆ ನಿಷೇಧಿಸುತ್ತದೆ. ಡಾಕ್ಟರ್ ಸಾಬು ಮ್ಯಾಥ್ಯೂ ಜಾರ್ಜ್ ಅವರು 2008ರಲ್ಲಿ ಸಲ್ಲಿಸಿದ ಅರ್ಜಿಯ ವಿಚಾರಣೆಯಲ್ಲಿ, ಹಣ ಪಡೆದು ತೋರಿಸಿದ ಸಾಲುಗಳಿಗೆ ನಿಷೇಧ ಅನ್ವಯಿಸುವುದು ಸರಿ, ತಾನಾಗಿ ಬಂದ ಸಹಜ ಫಲಿತಾಂಶಗಳೂ ಜಾಹೀರಾತೇ ಎಂಬ ಸೂಕ್ಷ್ಮವಾದ ಪ್ರಶ್ನೆ ಸರ್ವೋಚ್ಚ ನ್ಯಾಯಾಲಯದ ಮುಂದೆ ನಿಂತಿತು. ಕಾಯಿದೆಗೆ ವಿರುದ್ಧವಾದ ಸಾಮಗ್ರಿಯನ್ನು ತಡೆಯುವ ಏರ್ಪಾಟನ್ನು ಮಾಡಬೇಕೆಂದು ನ್ಯಾಯಾಲಯ 2016 ಮತ್ತು 2017ರಲ್ಲಿ ಶೋಧಸಂಸ್ಥೆಗಳಿಗೆ ಆಜ್ಞಾಪಿಸಿತು. ಪುಟದ ಯಾವ ಭಾಗಕ್ಕೆ ಯಾರು ಹೊಣೆ ಎಂಬ ನಮ್ಮ ಇಂದಿನ ವಿಚಾರವು ಬರಿಯ ಪಾಂಡಿತ್ಯದ ಕುತೂಹಲವಲ್ಲ, ಹುಟ್ಟಬೇಕಾದ ಹೆಣ್ಣುಮಕ್ಕಳ ಅಳಿವು ಉಳಿವಿನ ತನಕ ಅದರ ಬೇರು ಚಾಚಿದೆಯೆಂಬುದು ಇದರಿಂದ ವಿಶದವಾಗುತ್ತದೆ.

5

ಗ್ರಂಥಾಲಯ ವಿಜ್ಞಾನದ ಆಚಾರ್ಯರಾದ ಎಸ್. ಆರ್. ರಂಗನಾಥನ್ ಅವರು ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು, 1962ರಲ್ಲಿ ಇಲ್ಲಿ ಪ್ರಲೇಖನ ಸಂಶೋಧನೆಯ ಕೇಂದ್ರವನ್ನು ಸ್ಥಾಪಿಸಿದರು. 1931ರಲ್ಲಿ ಅವರು ಪ್ರತಿಪಾದಿಸಿದ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗನ ವೇಳೆಯನ್ನು ಉಳಿಸಬೇಕೆನ್ನುತ್ತದೆ. ಶೋಧಯಂತ್ರದಷ್ಟು ಸಮರ್ಥವಾಗಿ ಈ ಸೂತ್ರವನ್ನು ಪಾಲಿಸಿದ ಗ್ರಂಥಪಾಲಕ ಇನ್ನೊಬ್ಬನಿಲ್ಲವೆಂದು ನಾನು ಸಂತೋಷದಿಂದ ಒಪ್ಪುತ್ತೇನೆ. ಆದರೆ ರಂಗನಾಥನ್ನರ ಸೂತ್ರದಲ್ಲಿ ವೇಳೆ ಉಳಿಸುವುದು ಓದುಗನು ಗ್ರಂಥವನ್ನು ಬೇಗ ಸೇರಲಿ ಎಂಬುದಕ್ಕಾಗಿ. ಈಗಿನ ಪುಟ ಉಳಿಸುವ ವೇಳೆಯಲ್ಲಿ ಗ್ರಂಥವನ್ನು ತೆರೆಯುವ ವೇಳೆಯೂ ಸೇರಿಹೋಗಿದೆ. ಕಪಾಟನ್ನು ತೋರಿಸುವ ಗ್ರಂಥಪಾಲಕನು ಗ್ರಂಥದ ತಪ್ಪಿಗೆ ಹೊಣೆಯಲ್ಲ. ಗ್ರಂಥವನ್ನು ಕೊಡದೆ ಅದರಲ್ಲಿ ಹೀಗಿದೆಯೆಂದು ತಾನೇ ಹೇಳಿ ಕಳುಹಿಸುವವನು ಆ ಮಾತಿಗೆ ಹೊಣೆಯಾಗಬೇಕು. ತೋರಿಸುವವನ ವಿನಾಯಿತಿಯನ್ನೂ ಹೇಳುವವನ ಅಧಿಕಾರವನ್ನೂ ಏಕಕಾಲದಲ್ಲಿ ಅನುಭವಿಸುವುದು ನ್ಯಾಯವಲ್ಲ. ಶೋಧಸಂಸ್ಥೆಗಳನ್ನು ಕುರಿತು ನಾನು ಹೇಳಬಯಸುವ ಮುಖ್ಯವಾದ ಮಾತು ಇದು.

ಓದುಗರನ್ನು ಕುರಿತು ಹೇಳಬೇಕಾದುದೂ ಉಂಟು. ಹಣದ, ಆರೋಗ್ಯದ, ಕಾಯಿದೆಯ ವಿಷಯಗಳಲ್ಲಿ ಸಾರಾಂಶವನ್ನು ಓದಿ ನಿಲ್ಲದೆ, ಕೊಂಡಿಯನ್ನು ಒತ್ತಿ ಮೂಲಕ್ಕೆ ಹೋಗತಕ್ಕದ್ದು. ಹೋದಮೇಲೆ ಬರೆದವರು ಯಾರು, ಯಾವಾಗ ಬರೆದದ್ದು ಎಂದು ನೋಡತಕ್ಕದ್ದು. ಬ್ಯಾಂಕಿನ ಸಂಖ್ಯೆ ಬೇಕಾದರೆ ಪಾಸ್‌ಬುಕ್ಕಿನಲ್ಲಿಯೋ ಕಾರ್ಡಿನ ಹಿಂಬದಿಯಲ್ಲಿಯೋ ಅಚ್ಚಾಗಿರುವುದನ್ನು ನೋಡತಕ್ಕದ್ದು. ಸರ್ಕಾರದ ಸೇವೆಗಳಿಗೆ, ಮೇಲಿನ ಪ್ರಾಯೋಜಿತ ಸಾಲನ್ನು ಒತ್ತದೆ, ವಿಳಾಸ ಸರ್ಕಾರದ್ದೇ ಎಂದು ಅಕ್ಷರಶಃ ಓದಿ ಮುಂದುವರಿಯತಕ್ಕದ್ದು. ಇನ್ನು, ಬರೆಯಬಲ್ಲ ಕನ್ನಡಿಗರಿಗೆ ಇದಕ್ಕಿಂತ ದೊಡ್ಡದೊಂದು ಕರ್ತವ್ಯವಿದೆ. ಯಂತ್ರ ಆಯ್ದುಕೊಳ್ಳುವುದು ಬರೆದಿಟ್ಟುದರಿಂದ ಮಾತ್ರ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವನ್ನು ಸ್ವಯಂಸೇವಕರು ಶ್ರದ್ಧೆಯಿಂದ ಬೆಳೆಸುತ್ತ ಬಂದಿದ್ದರೂ, ನಮ್ಮ ವೈದ್ಯರು, ಕೃಷಿತಜ್ಞರು, ವಕೀಲರು ತಮ್ಮ ವಿಷಯವನ್ನು ಕನ್ನಡದಲ್ಲಿ, ಹೆಸರು ಹಾಕಿ, ತೆರೆದ ತಾಣಗಳಲ್ಲಿ ಬರೆಯದಿದ್ದರೆ, ಕನ್ನಡದಲ್ಲಿ ಕೇಳಿದ ಪ್ರಶ್ನೆಗೆ ಅಪಕ್ವವಾದ ಬರಹವೇ ಮೇಲೆ ಬರುವುದು. ಒಳ್ಳೆಯವರು ಬರೆಯದಿದ್ದ ಸ್ಥಳವನ್ನು ಯಾರಾದರೂ ತುಂಬಿಯೇ ತುಂಬುತ್ತಾರೆಂಬುದನ್ನು 2021ರ ಆ ಪ್ರಸಂಗ ಕಲಿಸಿದೆ.

ಕೊನೆಯದಾಗಿ ಒಂದು ಸೂಚನೆ. ನಮ್ಮ ರಾಜ್ಯದ ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳೆಂದು ಹೆಸರಾಗಿವೆ. ಅವುಗಳಲ್ಲಿ ಅನೇಕಕ್ಕೆ ಕಂಪ್ಯೂಟರುಗಳೂ ಬಂದಿವೆ. ಅಲ್ಲಿಗೆ ಬರುವ ಮಕ್ಕಳ ಕೈಗೆ ಒಂದು ಶೋಧಫಲಿತದ ಪುಟವನ್ನು ಕಾಗದದ ಮೇಲೆ ಅಚ್ಚುಹಾಕಿ ಕೊಟ್ಟು, ವ್ಯಾಪಾರಿ ಮಾತನಾಡಿದ ಸಾಲು ಯಾವುದು, ಯಂತ್ರ ಹೆಣೆದ ವಾಕ್ಯ ಯಾವುದು, ಹೆಸರುಳ್ಳ ಮನುಷ್ಯನೊಬ್ಬ ಬರೆದು ಹೊಣೆ ಹೊತ್ತ ಪುಟ ಯಾವುದು ಎಂದು ಪೆನ್ಸಿಲಿನಿಂದ ಗುರುತು ಮಾಡಿಸಬೇಕು. ಇದಕ್ಕೆ ಪಠ್ಯಪುಸ್ತಕವಾಗಲಿ ಅನುದಾನವಾಗಲಿ ಬೇಕಿಲ್ಲ; ಒಂದು ಮಧ್ಯಾಹ್ನ ಸಾಕು. ಪುಟದ ರೂಪ ನಾಳೆ ಬದಲಾಗಬಹುದು, ಇಂದು ನಾನು ಹೆಸರಿಸಿದ ಅಂಗಗಳಲ್ಲಿ ಕೆಲವು ಮಾಯವಾಗಿ ಬೇರೆ ಕೆಲವು ಬರಬಹುದು. ಇದು ಯಾರ ಮಾತು ಎಂದು ಕೇಳುವ ಅಭ್ಯಾಸವೊಂದು ಬೇರೂರಿದರೆ, ಹೊಸ ಪುಟವನ್ನೂ ಆ ಮಕ್ಕಳು ತಾವೇ ಓದಿಕೊಂಡಾರು.